ನಮ್ಮ ಭಾವ ಟಾರ್ಚು ಕೊಂಡದ್ದು

ನಮ್ಮ ಭಾವನಿಗೆ ಹೊತ್ತು ಮುಳುಗಿದ ಮೇಲೆ ಕಣ್ಣು ಕಾಣುವುದಿಲ್ಲ. ಈಗ ಇದು ಬೀದಿಗೆಲ್ಲ ಗೊತ್ತಿರುವ ಸಂಗತಿ. ಆಗ ಯಾರಿಗೂ ಗೊತ್ತಿರಲಿಲ್ಲ, ಕಟ್ಟಿಕೊಂಡ ನಮ್ಮ ಅಕ್ಕನಿಗೂ. ಗೊತ್ತಿದ್ದಿದ್ದರೆ, ಆ ಮನುಷ್ಯ ನನ್ನ ಅಂಗಡಿಯಿಂದ ಟಾರ್ಚು ಒಯ್ಯುವುದು, ಬೆಳಕು ಸಾಲದು ಎಂದು ಮಾರನೆಯ ದಿನ ವಾಪಸ್ ತರುವುದು, ಹೀಗೆ ನನ್ನ ತಲೆ ತಿನ್ನುತ್ತಿದ್ದಾಗ ನಾನು ಅಷ್ಟು ಬೈಯುತ್ತಿರಲಿಲ್ಲ. ಬೈಯುತ್ತಿದ್ದೆನೇನೋ, ಸ್ವಲ್ಪ ದನಿ ತಗ್ಗಿಸಿ.

ನನ್ನದು ಬಲ್ಬು, ಸ್ವಿಚ್ಚು, ವೈರು ಮಾರುವ ಚಿಕ್ಕ ಅಂಗಡಿ. ಒಳಗೆ ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ಮೆಟ್ಟಿಲ ಮೇಲೇ ಕಾಯಬೇಕು. ಅಕ್ಕ, ಭಾವ, ಅವರ ಮಗಳು ಅಂಗಡಿಯ ಮೇಲಿನ ಮಹಡಿಯಲ್ಲಿದ್ದಾರೆ. ಅವರ ಮನೆಯಲ್ಲಿ ತಟ್ಟೆ ಬಿದ್ದರೆ ನನಗೆ ಕೇಳಿಸುತ್ತದೆ. ನಾನು ಗಿರಾಕಿಯ ಜೊತೆ ಜಗಳಕ್ಕೆ ನಿಂತರೆ ಅವರಿಗೆ ಕೇಳಿಸುತ್ತದೆ. ಯಾವುದು ಹೆಚ್ಚು ಕೇಳಿಸುತ್ತದೆ ಎಂದು ಅಕ್ಕನನ್ನು ಕೇಳಬೇಡಿ.

ಭಾವ ಬಟ್ಟೆ ಗಿರಣಿಯಲ್ಲಿ ತಪಾಸಣೆಯ ಕೆಲಸದಲ್ಲಿದ್ದಾರೆ. ನೇಯ್ದ ಬಟ್ಟೆ ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ಮೇಲಿನಿಂದ ಕೆಳಕ್ಕೆ ಹರಿದು ಬರುತ್ತದೆ. ಗಾಜಿನ ಹಿಂದೆ ಸಾಲು ಟ್ಯೂಬ್‌ಲೈಟುಗಳು. ಎಲ್ಲಿ ಎಳೆ ಕಡಿದಿದೆ, ಎಲ್ಲಿ ಗಂಟು ಬಿದ್ದಿದೆ, ಎಲ್ಲಿ ಯಂತ್ರದ ಎಣ್ಣೆ ತಾಗಿದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಬಟ್ಟೆ ನಿಲ್ಲುವುದಿಲ್ಲ, ಕಣ್ಣೂ ನಿಲ್ಲುವ ಹಾಗಿಲ್ಲ. ಬೇರೆಯವರು ಬಿಟ್ಟ ತಪ್ಪನ್ನು ಇವರು ಆ ಬದಿಯಿಂದ ನಡೆದು ಹೋಗುತ್ತಲೇ ಹಿಡಿಯುತ್ತಿದ್ದರಂತೆ. ಅದಕ್ಕೇ ಗಿರಣಿಯಲ್ಲಿ ಅವರಿಗೆ 'ಹದ್ದು' ಎಂದು ಹೆಸರಿಟ್ಟದ್ದು. ಭಾವನಿಗೆ ಆ ಹೆಸರೆಂದರೆ ಪ್ರಾಣ. ಮನೆಯಲ್ಲೂ ಅದೇ ಚಾಳಿ. ನಾನು ಹೊಸ ಅಂಗಿ ತೊಟ್ಟು ಹೋದರೆ "ಚೆನ್ನಾಗಿದೆ" ಎನ್ನುವ ಬದಲು "ತೋಳಿನ ಹತ್ರ ಒಂದೆಳೆ ಬಿಟ್ಟಿದೆ ನೋಡು" ಎನ್ನುವ ಜನ ಅವರು. ಆ ಎಳೆ ಅಲ್ಲಿ ಇದ್ದೇ ಇರುತ್ತಿತ್ತು, ಅದೇ ನನ್ನ ಸಿಟ್ಟು.

ಇಂಥವರಿಗೆ ಕತ್ತಲಾದರೆ ಕಣ್ಣಿನ ಮುಂದೆ ಕಪ್ಪು ಕಂಬಳಿ ಹೊದಿಸಿದ ಹಾಗಾಗುತ್ತಿತ್ತು. ಹೇಗೆ ಹೇಳಿಕೊಂಡಾರು? ತಪಾಸಣೆಯವನಿಗೆ ಕಣ್ಣಿನ ದೋಷ ಅಂದರೆ ಅಡುಗೆಯವನಿಗೆ ನಾಲಿಗೆ ಸತ್ತಿದೆ ಎಂದ ಹಾಗೆ. ಕೆಲಸ ಹೋಗುತ್ತದೆ ಎನ್ನುವ ಭಯ ಒಂದು, ಜನ ನಗುತ್ತಾರೆ ಎನ್ನುವ ನಾಚಿಕೆ ಇನ್ನೊಂದು. ನನ್ನನ್ನು ಕೇಳಿದರೆ ನಾಚಿಕೆಯೇ ದೊಡ್ಡದಿತ್ತು. ಕೆಲಸ ಹಗಲಿನದು, ದೀಪದ ಎದುರಿನದು, ಅದಕ್ಕೆ ಏನೂ ಆಗುವಂತಿರಲಿಲ್ಲ. ಗಿರಣಿಯವರೂ ಆಮೇಲೆ ಅದನ್ನೇ ಹೇಳಿದರು. ಆದರೆ ನಾಚಿಕೆ ಲೆಕ್ಕ ಕೇಳುತ್ತದೆಯೇ?

ಮುಚ್ಚಿಟ್ಟ ರೀತಿಯನ್ನು ಮಾತ್ರ ಮೆಚ್ಚಬೇಕು. ಹಗಲು ಪಾಳಿಯನ್ನೇ ಹಟ ಮಾಡಿ ಹಾಕಿಸಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದರು. ಸಂಜೆಯ ಮದುವೆಗೆ ತಲೆನೋವು, ಸಂಜೆಯ ಸಿನಿಮಾಕ್ಕೆ ಹೊಟ್ಟೆನೋವು. ಕರೆಂಟು ಹೋದರೆ ಕುಳಿತ ಕುರ್ಚಿಯಿಂದ ಏಳುತ್ತಿರಲಿಲ್ಲ, "ಯಾರಾದ್ರೂ ಮೇಣದಬತ್ತಿ ತನ್ನಿ, ನಾನೊಬ್ಬನೇ ಏನು ಈ ಮನೇಲಿ ಆಳು?" ಎಂದು ಕೂತಲ್ಲಿಂದಲೇ ಜೋರು ಮಾಡುತ್ತಿದ್ದರು. ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ದೀಪ ಉರಿಯಲೇಬೇಕು. ನಮ್ಮ ಅಕ್ಕ ಪಾಪ, ಗಂಡನಿಗೆ ದೆವ್ವದ ಹೆದರಿಕೆ ಎಂದುಕೊಂಡಿದ್ದಳು. ಇಷ್ಟು ದೊಡ್ಡ ಗಂಡಸಿಗೆ ದೆವ್ವದ ಭಯ ಎಂದು ಹೊರಗೆ ಗೊತ್ತಾದರೆ ಮಾನ ಹೋಗುತ್ತದಲ್ಲ ಎಂದು ತಂಗಿಯಾದ ನನಗೂ ಬಾಯಿಬಿಟ್ಟಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ದೀಪದ ಕೆಳಗೆ ಬೇರೆ ಬೇರೆ ಗುಟ್ಟು ಇಟ್ಟುಕೊಂಡು ಮಲಗುತ್ತಿದ್ದರು.

ಇದರಲ್ಲಿ ನೋವು ತಿಂದದ್ದು ಮಗಳು. ಶಾಲೆಯ ಕಾರ್ಯಕ್ರಮಗಳೆಲ್ಲ ಸಂಜೆಯೇ ಇರುತ್ತಿದ್ದವು. ಅವಳು ನಾಟಕದಲ್ಲಿ ರಾಣಿಯಾದಳು, ಹಾಡಿಗೆ ಬಹುಮಾನ ತಂದಳು, ಒಂದಕ್ಕೂ ಅಪ್ಪ ಬರಲಿಲ್ಲ. ಚಿಕ್ಕವಳಿದ್ದಾಗ ಅಳುತ್ತಿದ್ದಳು. ದೊಡ್ಡವಳಾದ ಮೇಲೆ ಅಪ್ಪನನ್ನು ಕರೆಯುವುದನ್ನೇ ಬಿಟ್ಟಳು. ಅವಳಿಗೆ ಮನಸ್ಸಿನಲ್ಲಿ ಒಂದು ಗಟ್ಟಿಯಾಗಿಬಿಟ್ಟಿತ್ತು: ಅಪ್ಪನಿಗೆ ನಾನೆಂದರೆ ಅಷ್ಟಕ್ಕಷ್ಟೇ.

ಆ ವರ್ಷ ಅವಳು ಶಾಲೆ ಮುಗಿಸಿ, ಓದಲು ಬೇರೆ ಊರಿನ ಹಾಸ್ಟೆಲಿಗೆ ಹೋಗುವವಳಿದ್ದಳು. ಗಿರಣಿಯಲ್ಲೊಂದು ಸೈಕಲ್ ಬಳಗವಿದೆ. ವರ್ಷಕ್ಕೊಮ್ಮೆ ಕೆಲಸ ಮುಗಿಸಿ ಸಂಜೆ ಹೊರಟು, ಕಾಲುವೆಯ ಪಕ್ಕದ ರಸ್ತೆಯಲ್ಲಿ ಕೆರೆಯವರೆಗೆ ಹೋಗಿ, ಟೆಂಟು ಹಾಕಿ ಮಲಗಿ ಮಾರನೆಯ ದಿನ ಬರುತ್ತಾರೆ. ಹೆಂಡತಿ ಮಕ್ಕಳಿಗೂ ಕರೆ ಇರುತ್ತದೆ. ಪ್ರತಿ ವರ್ಷ ಆ ಹೊತ್ತಿಗೆ ಸರಿಯಾಗಿ ಭಾವನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಈ ಸಲವೂ ಸೊಂಟದ ಮೇಲೆ ಕೈ ಇಟ್ಟದ್ದೇ ತಡ, ಮಗಳು ಊಟದ ತಟ್ಟೆ ಬದಿಗೆ ಸರಿಸಿದಳು.

"ಅಪ್ಪ, ಸೊಂಟ ಬೇಡ. ನನ್ ಜೊತೆ ಬರೋಕೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳ್ಬಿಡು. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದವಳ ಗಲ್ಲ ನಡುಗುತ್ತಿತ್ತು ಎಂದು ಅಕ್ಕ ಹೇಳಿದಳು. ಭಾವ ಸೊಂಟದ ಮೇಲಿನ ಕೈ ತೆಗೆದು, "ಬರ್ತೀನಿ" ಎಂದರಂತೆ. ಆ ಮಾತು ಹೇಳಿಬಿಟ್ಟ ಮೇಲೆ ಶುರುವಾಯಿತು ನೋಡಿ ನನ್ನ ಗೋಳು.

ಮೊದಲು ಒಯ್ದದ್ದು ಸೈಕಲ್ ಹ್ಯಾಂಡಲ್‌ಗೆ ಸಿಕ್ಕಿಸುವ ಪುಟ್ಟ ದೀಪ. ಅಗ್ಗದ್ದು, ಗಟ್ಟಿಯಾದದ್ದು, ಬೆಳಕು ಅಗಲವಾಗಿ ನೆಲದ ಮೇಲೆ ಹರಡುತ್ತದೆ. ವಾಪಸ್ ಬಂತು. ಆಮೇಲೆ ಸೆಲ್ಲು ಹಾಕುವ ಉದ್ದದ್ದು. ಅದೂ ಬಂತು. ಚಾರ್ಜ್ ಮಾಡುವಂಥದ್ದೊಂದು ಒಯ್ದು, "ಮೊದಲು ಧಗ್ ಅಂತ ಉರೀತದೆ, ಆಮೇಲೆ ಮಂಕಾಗ್ತದೆ" ಎಂದು ತಂದಿಟ್ಟರು. ಅದೊಂದರಲ್ಲಿ ಅವರ ಮಾತು ಸರಿ ಇತ್ತು, ಆ ಕಂಪನಿಯ ಮಾಲನ್ನು ನಾನು ಆಮೇಲೆ ತರಿಸಲಿಲ್ಲ.

"ಭಾವ, ಡಬ್ಬಿ ಮೇಲಿನ ದೊಡ್ಡ ದೊಡ್ಡ ಅಂಕಿ ನಂಬ್ಬೇಡಿ," ಎಂದೆ. "ಸೈಕಲ್‌ಗೆ ಬೇಕಾಗಿರೋದು ದೂರ ಹೋಗೋ ಬೆಳಕಲ್ಲ, ಅಗಲ ಬೀಳೋ ಬೆಳಕು. ಹಳ್ಳ ಇರೋದು ಚಕ್ರದ ಮುಂದೆ, ಆಕಾಶದಲ್ಲಲ್ಲ. ಟೆಂಟಿಗೆ ಒಂದು ನೇತು ಹಾಕೋ ಸಣ್ಣ ದೀಪ ಕೊಡ್ತೀನಿ. ಮಳೆ ಬಂದ್ರೂ ಕೆಡಲ್ಲ. ಇಷ್ಟು ಸಾಕು, ಸುಮ್ನೆ ತಗೊಂಡು ಹೋಗಿ."

"ಇದಕ್ಕಿಂತ ಜೋರಾದ್ದು ಇಲ್ವೇನಮ್ಮ?"

"ಇದೆ. ಸೂರ್ಯ ಅಂತ. ಬೆಳಗ್ಗೆ ಬನ್ನಿ."

ಭಾವ ನಗಲಿಲ್ಲ. ಮೇಲಿನ ಅಟ್ಟದ ಕಡೆ ಬೆರಳು ತೋರಿಸಿದರು. ಅಲ್ಲಿ ಒಂದು ಭಾರಿ ಟಾರ್ಚಿತ್ತು. ಗೋದಾಮಿನ ಕಾವಲುಗಾರರು ಕೊಳ್ಳುವಂಥದ್ದು, ಹಿಡಿಕೆಯೇ ಮಗುವಿನ ತೋಳಿನಷ್ಟು ದಪ್ಪ. ಗಾಜಿಗೆ ಗೀರು ಬಿದ್ದಿತ್ತು, ಅದಕ್ಕೇ ಯಾರೂ ಕೊಳ್ಳದೆ ಅಗ್ಗಕ್ಕೆ ಇಟ್ಟಿದ್ದೆ. ಸೈಕಲ್‌ಗೆ ಇದು ಆಗಿಬರುವುದಿಲ್ಲ, ಎದುರಿನವರ ಕಣ್ಣು ಕುಕ್ಕುತ್ತದೆ ಎಂದು ಬಡಿದುಕೊಂಡೆ. ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. "ನೀನು ಅಂಗಡಿಯವಳು, ಬೆಳಕಿನ ವಿಷ್ಯ ನಂಗೆ ಹೇಳಿಕೊಡ್ತೀಯಾ? ದಿನಾ ಬೆಳಕಿನ ಮುಂದೆ ಕೂರೋನು ನಾನು" ಎಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದರು.

ಅವರು ಟಾರ್ಚನ್ನು ಪರೀಕ್ಷೆ ಮಾಡಿದ ಬಗೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಗಿರಣಿಯವರು ತಾನೆ! ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಅದರ ಮೇಲೆ ಬೆಳಕು ಬಿಟ್ಟು ನೋಡುತ್ತಿದ್ದರು. ಬಟ್ಟೆಯ ತಪ್ಪು ಕಾಣದಿದ್ದರೆ ದೀಪ ಜೋರು ಮಾಡು, ಇಷ್ಟೇ ಅವರು ಜೀವಮಾನವಿಡೀ ಕಲಿತದ್ದು. ದೊಡ್ಡ ಟಾರ್ಚಿನಲ್ಲಿ ಬೆಡ್‌ಶೀಟಿನ ಒಂದೊಂದು ಎಳೆಯೂ ಕಂಡಿತು. ಕೋಣೆಯೆಲ್ಲ ಹಗಲಾಯಿತು. ಭಾವ ಮಂಚದ ಮೇಲೆ ಕುಳಿತು ಖುಷಿಯಿಂದ ತೊಡೆ ತಟ್ಟಿಕೊಂಡರು ಎಂದು ಅಕ್ಕ ಹೇಳಿದಳು, ಪಾಪ ಇನ್ನು ದೆವ್ವದ ಕಾಟ ತಪ್ಪಿತು ಎಂದು ಅವಳಿಗೂ ಖುಷಿ. ಬಿಳಿ ಬಟ್ಟೆ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ಡಾಂಬರು ನುಂಗಿಕೊಳ್ಳುತ್ತದೆ ಎನ್ನುವುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಹೊರಡುವ ದಿನ ಟೆಂಟಿನ ದೀಪಗಳನ್ನು ಕಟ್ಟುವುದು ನನ್ನ ಪಾಲಿಗೆ ಬಂದಿತ್ತು. ಸಾಮಾನಿನ ವ್ಯಾನಿನಲ್ಲಿ ಅಕ್ಕನ ಜೊತೆ ಮುಂಚೆಯೇ ಕೆರೆಗೆ ಹೋದೆ. ಹೀಗಾಗಿ ದಾರಿಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಮಗಳು ಹೇಳಿದ್ದನ್ನೂ ಭಾವ ಆಮೇಲೆ ಹೇಳಿದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಬಳಗದ ಮುಂದಾಳು ಮಗ್ಗ ರಿಪೇರಿ ಮಾಡುವ ಮೆಕ್ಯಾನಿಕ್ಕು. ಎಲ್ಲರ ಮೇಲೂ ಹುಕುಂ ಚಲಾಯಿಸುತ್ತಾನೆ, ಅದಕ್ಕೇ 'ಕ್ಯಾಪ್ಟನ್'. ಹೊರಡುವಾಗಲೇ ಕೂಗಿ ಹೇಳಿದ್ದ: "ಎಲ್ಲರೂ ದೀಪದ ಮುಖ ನೆಲಕ್ಕೆ ಬಗ್ಗಿಸಿ! ಎದುರಿಗೆ ಯಾರಾದ್ರೂ ಬಂದ್ರೆ ಕೈ ಅಡ್ಡ ಹಿಡೀರಿ!" ಬೆಳಕು ಇರುವವರೆಗೆ ಭಾವ ಮಗಳ ಪಕ್ಕದಲ್ಲೇ ಸೈಕಲ್ ಹೊಡೆದರು. ಹಾಡಿದರಂತೆ ಕೂಡ. ಅಪ್ಪ ಹಾಡುವುದನ್ನು ಅವಳು ಅದೇ ಮೊದಲು ಕೇಳಿದ್ದು.

ಕತ್ತಲಾಯಿತು. ಭಾವ ಹ್ಯಾಂಡಲ್‌ಗೆ ಕಟ್ಟಿಕೊಂಡಿದ್ದ ಟಾರ್ಚು ಹಚ್ಚಿದರು. ಬೆಳಕೇನೋ ಬಾಣದ ಹಾಗೆ ಹೋಯಿತು, ಹೋಗಿ ಎಲ್ಲೋ ದೂರದ ಮರದ ಮೇಲೆ ತಟ್ಟೆಯಷ್ಟಗಲ ಬಿತ್ತು. ಆ ತಟ್ಟೆ ಬಿಟ್ಟರೆ ಜಗತ್ತಿನಲ್ಲಿ ಏನೂ ಇಲ್ಲ. ಕೆಳಕ್ಕೆ ಬಗ್ಗಿಸಿದರೆ ಡಾಂಬರು ಅದನ್ನೂ ಕುಡಿದುಬಿಡುತ್ತಿತ್ತು. ನೇರವಾಗಿಯೇ ಇಟ್ಟುಕೊಂಡರು. ಒಂದು ಕಾಲಿನಿಂದ ರಸ್ತೆಯ ಅಂಚನ್ನು ಸವರಿಕೊಂಡು ಹೆಜ್ಜೆ ಹೆಜ್ಜೆಗೂ ನಿಂತು ಹೋದರು. "ನೀನು ಮುಂದೆ ಹೋಗು ಪುಟ್ಟಿ, ಚೈನು ಸಡಿಲ ಆಗಿದೆ, ಬರ್ತೀನಿ" ಎಂದು ಮಗಳನ್ನು ಕಳಿಸಿಬಿಟ್ಟರು. ಸ್ವಲ್ಪ ಹೊತ್ತಿಗೆ ಮುಂದಿನವರ ಮಾತೂ ಕೇಳಿಸದಾಯಿತು.

ಅಪ್ಪ ಬರಲಿಲ್ಲವಲ್ಲ ಎಂದು ಅವಳು ಸೈಕಲ್ ತಿರುಗಿಸಿಕೊಂಡು ವಾಪಸ್ ಬಂದಳು. ದೂರದಿಂದಲೇ ಬೆಲ್ಲು ಬಾರಿಸಿದಳು. ಬೆಲ್ಲು ಕೇಳಿದ ಕಡೆಗೆ ಭಾವ ಮುಖ ತಿರುಗಿಸಿದರು, ಮುಖದ ಜೊತೆ ಹ್ಯಾಂಡಲ್ಲೂ ತಿರುಗಿತು. ಆ ರಾಕ್ಷಸ ಬೆಳಕು ನೇರ ಮಗುವಿನ ಕಣ್ಣಿಗೆ ಹೊಡೆಯಿತು. ಅವಳು ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡಳು, ಚಕ್ರ ಡಾಂಬರಿನಿಂದ ಜಾರಿ ಪಕ್ಕದ ಒಣ ಚರಂಡಿಗೆ ಇಳಿಯಿತು, ಸೈಕಲ್ ಸಮೇತ ದಬ್ ಎಂದು ಬಿದ್ದಳು.

"ಅಪ್ಪಾ!"

ಭಾವನ ಜೀವ ಬಾಯಿಗೆ ಬಂತು. ಟಾರ್ಚು ಕಿತ್ತುಕೊಂಡು ಹುಡುಕತೊಡಗಿದರು. ಬೆಳಕು ಮರದ ತುದಿಗೆ ಹೋಯಿತು, ಕಾಲುವೆಯ ನೀರಿಗೆ ಹೋಯಿತು, ಎಲ್ಲೆಲ್ಲೋ ಹೋಯಿತು.

"ಎಲ್ಲಿದ್ದೀಯಾ ಪುಟ್ಟಿ? ಎಲ್ಲಿ?"

"ಇಲ್ಲೇ ಅಪ್ಪ! ನಿನ್ ಕಾಲ್ ಹತ್ರಾನೇ ಇದ್ದೀನಿ! ಕೈ ನೋಯ್ತಿದೆ, ಎತ್ತು!"

ಒಂದು ಹೆಜ್ಜೆ ಇಟ್ಟರು. ಕಾಲ ಕೆಳಗೆ ಚಕ್ರದ ಕಡ್ಡಿಗಳು ಕರಕರ ಎಂದವು. ಇನ್ನೊಂದು ಹೆಜ್ಜೆ ಇಟ್ಟರೆ ಮಗುವನ್ನೇ ತುಳಿದೇನು ಎಂದು ಅಲ್ಲೇ ನಿಂತುಬಿಟ್ಟರು. ಮಗಳು ಕೆಳಗಿನಿಂದ ನೋಡುತ್ತಿದ್ದಾಳೆ: ಅಪ್ಪ ಟಾರ್ಚು ಹಿಡಿದು ತನ್ನ ತಲೆಯ ಮೇಲಿಂದ ಎತ್ತಲೋ ನೋಡುತ್ತ ನಿಂತಿದ್ದಾನೆ, ಕೈ ಚಾಚುತ್ತಿಲ್ಲ. ಅಷ್ಟರಲ್ಲಿ ಕೂಗು ಕೇಳಿ ಕ್ಯಾಪ್ಟನ್ ಮತ್ತು ಇತರರು ಬರುವ ಸದ್ದಾಯಿತು. ಆಗ ಭಾವ ಒಂದು ಕೆಲಸ ಮಾಡಿದರು. ಟಾರ್ಚಿನ ಸ್ವಿಚ್ಚು ಒತ್ತಿ ಆರಿಸಿಬಿಟ್ಟರು.

"ಏನಯ್ಯ ಹದ್ದು, ಮಗು ಕಾಲ ಕೆಳಗೆ ಬಿದ್ದಿದೆ, ನೋಡ್ತಾ ನಿಂತಿದ್ದೀಯಲ್ಲ!" ಎಂದು ಕ್ಯಾಪ್ಟನ್ ಬೈದ.

"ಟಾರ್ಚು ಆರಿಹೋಯ್ತು ಮಾರಾಯ. ಕೈಕೊಡ್ತು."

ಅವರೆಲ್ಲ ಕೆರೆಯ ಹತ್ತಿರ ಬಂದಾಗ ಮಗಳು ಕ್ಯಾಪ್ಟನ್ನನ ಸೈಕಲಿನ ಹಿಂದೆ ಕುಳಿತಿದ್ದಳು. ಮುಖವೆಲ್ಲ ಮಣ್ಣು, ಮಣಿಕಟ್ಟು ಊದಿಕೊಂಡಿತ್ತು. ಭಾವನನ್ನು ಯಾರೋ ಸೈಕಲ್ ಹಿಡಿದು ಜೊತೆಯಲ್ಲಿ ನಡೆಸಿಕೊಂಡು ಬಂದಿದ್ದರು. ಅಕ್ಕ ಎದೆ ಬಡಿದುಕೊಂಡು ಓಡಿದಳು. ಗಿರಣಿಯ ನರ್ಸಮ್ಮ ಬೆರಳು ಆಡಿಸಿ ನೋಡಿ, "ಮೂಳೆಗೇನೂ ಆಗಿಲ್ಲ, ಉಳುಕಿದೆ" ಎಂದು ಪಟ್ಟಿ ಕಟ್ಟಿದರು. ನಾವೆಲ್ಲ ಉಸಿರು ಬಿಟ್ಟ ಮೇಲೆ ಕ್ಯಾಪ್ಟನ್ ನನ್ನ ಕಡೆ ತಿರುಗಿದ.

"ಏನಮ್ಮ, ಸ್ವಂತ ಭಾವನಿಗೇ ಕೆಟ್ಟ ಮಾಲು ಕೊಟ್ಟಿದ್ದೀಯಲ್ಲ? ನಡು ದಾರೀಲಿ ಆರಿಹೋಯ್ತಂತೆ!"

ನನಗೆ ಮೂಗಿನ ತುದಿಯಲ್ಲೇ ಕೋಪ. ಅಂಗಡಿಯ ಮಾನದ ಪ್ರಶ್ನೆ ಬೇರೆ. ನಿನ್ನೆ ತಾನೆ ಪೂರ್ತಿ ಚಾರ್ಜ್ ಮಾಡಿ ಕೊಟ್ಟಿದ್ದೆ. ದಡದಡ ಹೋಗಿ ಭಾವನ ಕೈಯಿಂದ ಟಾರ್ಚು ಕಸಿದುಕೊಂಡು ಸ್ವಿಚ್ಚು ಒತ್ತಿದೆ.

ಬೆಳಕು ಟೆಂಟಿನ ಬಿಳಿ ಬಟ್ಟೆಗೆ ಬಡಿದು, ಸಾಲು ಸೈಕಲ್ಲುಗಳು, ಟೀ ಲೋಟ ಹಿಡಿದು ಕುಳಿತ ಜನ, ಎಲ್ಲವೂ ಹಗಲಿನ ಹಾಗೆ ಬೆಳಗಿದವು. ಬೆಳಕಿನ ಮಧ್ಯದಲ್ಲಿ ಭಾವ ತಲೆ ತಗ್ಗಿಸಿ ನಿಂತಿದ್ದರು. ಕಳ್ಳತನ ಮಾಡಿ ಸಿಕ್ಕಿಬಿದ್ದವರೂ ಅಷ್ಟು ಕುಗ್ಗಿ ನಿಲ್ಲುವುದಿಲ್ಲ.

"ಆರಿಹೋಗಿದ್ದು ಇದೇನಾ ಭಾವ?" ಎಂದೆ. ನನ್ನ ದನಿ ನನಗೇ ಕರ್ಕಶ ಅನ್ನಿಸಿತು, ಆದರೂ ನಿಲ್ಲಿಸಲಿಲ್ಲ. "ಹೇಳಿ, ಎಲ್ಲರೂ ಕೇಳಲಿ!"

ಆಗ ಮಗಳು ಎದ್ದು ನಿಂತಳು. "ಚಿಕ್ಕಮ್ಮ, ಅಪ್ಪನ್ನ ಬೈಬೇಡ. ಆಗ ಆರಿಹೋಗಿತ್ತು. ನಾನೇ ನೋಡಿದೆ."

ಆ ಬೆಳಕು ಕಣ್ಣಿಗೆ ಹೊಡೆದೇ ಬಿದ್ದವಳು ಅವಳು. ಪಟ್ಟಿ ಕಟ್ಟುವಾಗ ಅವಳೇ ನನ್ನ ಕಿವಿಯಲ್ಲಿ ಅದನ್ನು ಹೇಳಿದ್ದಳು. ಅಪ್ಪನಿಗೆ ತಾನು ಬೇಡ ಎಂದು ನಂಬಿಕೊಂಡಿದ್ದ ಹುಡುಗಿ, ಜನರ ಮುಂದೆ ಅಪ್ಪನ ತಲೆ ತಗ್ಗಬಾರದು ಎಂದು, ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ಸುಳ್ಳು ಹೇಳುತ್ತಿದ್ದಳು. ಟಾರ್ಚು ಆರಿಸಿದೆ.

ಭಾವ ನೆಲದ ಮೇಲೆ ಕುಸಿದು ಕುಳಿತರು.

"ಇಲ್ಲ," ಎಂದರು. "ಅವಳು ಸುಳ್ಳು ಹೇಳ್ತಿದ್ದಾಳೆ. ನನಗೋಸ್ಕರ ಹೇಳ್ತಿದ್ದಾಳೆ. ಟಾರ್ಚು ಉರೀತಾನೇ ಇತ್ತು. ನಾನೇ ಆರಿಸಿದೆ."

"ಯಾಕಯ್ಯ?" ಕ್ಯಾಪ್ಟನ್ ಕೇಳಿದ, ಮೊದಲಿನ ಜೋರಿರಲಿಲ್ಲ.

"ಕತ್ತಲಾದ್ರೆ ನಂಗೆ ಕಣ್ಣು ಕಾಣಲ್ಲ. ಇವತ್ತಿಂದಲ್ಲ, ಮೊದಲಿಂದ್ಲೂ. ಮಗು ಎತ್ತು ಅಂತ ಅಳ್ತಿತ್ತು, ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ. ಜೋರು ಬೆಳಕು ತಗೊಂಡ್ರೆ ಕಾಣಬಹುದು ಅಂದ್ಕೊಂಡೆ. ನೀವೆಲ್ಲ ಹದ್ದು ಹದ್ದು ಅಂತೀರಿ. ಯಾವ ಬಾಯಲ್ಲಿ ಹೇಳ್ಲಿ?"

ಅಕ್ಕ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. "ಅಯ್ಯೋ ರೀ, ನಾನು ದೆವ್ವ ಅಂದ್ಕೊಂಡಿದ್ನಲ್ರೀ" ಎಂದಳು. ಯಾರೋ ಹಿಂದಿನಿಂದ ಪಕ್ಕನೆ ನಕ್ಕು, ತಕ್ಷಣ ಕೆಮ್ಮಿ ಮುಚ್ಚಿಕೊಂಡರು. ಭಾವ ಅದನ್ನೂ ಕೇಳಿಸಿಕೊಂಡರು. ಅಷ್ಟು ವರ್ಷ ಹೆದರಿದ್ದು ಆ ನಗುವಿಗೇ. ಅದು ಬಂದು ಹೋಯಿತು, ಅವರು ಅದರ ಕಡೆ ತಿರುಗಲೂ ಇಲ್ಲ. ಅವರ ಮುಖ ಮಗಳು ಮಾತಾಡಿದ ದಿಕ್ಕಿಗೇ ಇತ್ತು, ಆದರೆ ಅವಳು ಅಷ್ಟರಲ್ಲಿ ಅಲ್ಲಿಂದ ಸರಿದು ಅವರ ಪಕ್ಕಕ್ಕೇ ಬಂದು ಕುಳಿತಿದ್ದಳು. ಅದು ಅವರಿಗೆ ಕಂಡಿರಲಿಲ್ಲ. ಅವಳು ಅದನ್ನು ನೋಡಿದಳು. ನೋಡುತ್ತಲೇ ಇದ್ದಳು.

"ಅಪ್ಪ," ಎಂದಳು. ಭಾವ ಬೆಚ್ಚಿ ಇತ್ತ ತಿರುಗಿದರು. "ಸಂಜೆ ಹೊತ್ತು ನೀನು ಎಲ್ಲಿಗೂ ಬರ್ತಿರ್ಲಿಲ್ವಲ್ಲ, ಅದು ಇದಕ್ಕೇನಾ?"

"ಹೂಂ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ? ಒಂದೇ ಒಂದು ಮಾತು? ನಿನಗೆ ನಾನು ಇಷ್ಟ ಇಲ್ಲ ಅಂತ ಅಂದ್ಕೊಂಡೇ ನಾನು ದೊಡ್ಡೋಳಾಗ್ಬಿಟ್ನಲ್ಲಪ್ಪ."

ತಮ್ಮ ಕಣ್ಣಿನ ಮಾನ ಉಳಿಸಿಕೊಂಡದ್ದಕ್ಕೆ ಏನು ಬೆಲೆ ಕೊಟ್ಟಿದ್ದರು ಎಂದು ನಮ್ಮ ಭಾವನಿಗೆ ಗೊತ್ತಾದದ್ದು ಆಗಲೇ. ಕೈ ಚಾಚಿ ಅವಳ ತಲೆಯನ್ನು ಹುಡುಕಿದರು. ಗಾಳಿಯಲ್ಲಿ ತಡಕಾಡುತ್ತಿದ್ದ ಆ ಕೈಯನ್ನು ಹುಡುಗಿ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಭಾವ ಎಲ್ಲರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತರು.